ನೆಮ್ಮದಿ ಡ್ಯೂಟಿ ಪಟ್ಟಿಯಿಂದ ಆರಂಭ: ವಾರ್ಡ್ ಇನ್‌ಚಾರ್ಜ್‌ಗಳಿಗೆ ಒಂದು ಕೈಪಿಡಿ

ಆಸ್ಪತ್ರೆಯ ಆಡಳಿತಕ್ಕೆ ಸಿಬ್ಬಂದಿಯ ಮನಸ್ಸಿನ ಆರೋಗ್ಯ ನೆನಪಾಗುವುದು ಸಾಮಾನ್ಯವಾಗಿ ಮೇ 12ರ ಆಸುಪಾಸಿನಲ್ಲಿ. ಅಂತರರಾಷ್ಟ್ರೀಯ ದಾದಿಯರ ದಿನದಂದು ದೀಪ ಬೆಳಗಿ, ಒತ್ತಡ ನಿರ್ವಹಣೆಯ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಿ, ಹತ್ತು ನಿಮಿಷ ಪ್ರಾಣಾಯಾಮ ಮಾಡಿಸಿ, ಊಟ ಹಾಕಿಸಿ ಕಳುಹಿಸುತ್ತಾರೆ. ಮರುದಿನ ಅದೇ ಸಿಸ್ಟರ್ ಅದೇ ವಾರ್ಡಿಗೆ, ಅದೇ ಡ್ಯೂಟಿ ಪಟ್ಟಿಗೆ ಮರಳುತ್ತಾರೆ. ಪ್ರಾಣಾಯಾಮದ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಸೋಮವಾರ ಯಾವ ಡ್ಯೂಟಿ ಎಂಬುದು ಭಾನುವಾರ ಸಂಜೆಯವರೆಗೂ ತಿಳಿಯದ ನೌಕರರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದು ಮೂಗಿಗೆ ತುಪ್ಪ ಸವರುವ ಕೆಲಸ.

ಇದು ಕೇವಲ ಕಹಿ ಮಾತಲ್ಲ. ಬ್ರಿಟನ್ನಿನ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ನೌಕರರ ಸಮೀಕ್ಷೆಯನ್ನು ಆಧರಿಸಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ನಿರ್ವಹಣಾ ತರಬೇತಿ, ಧ್ಯಾನದ ಆ್ಯಪ್ ಮುಂತಾದ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಹೆಚ್ಚು ನೆಮ್ಮದಿಯಲ್ಲಿದ್ದಾರೆ ಎಂಬುದಕ್ಕೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಅದು ಒಂದು ಕಾಲಘಟ್ಟದ ಸಮೀಕ್ಷೆಯಾದ್ದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಕಿಲ್ಲ. ಆದರೆ ಅದು ತೋರಿಸುವ ದಿಕ್ಕು ಹಳೆಯದೇ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದೇನೆಂದರೆ, ಕೆಲಸದ ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಹೊರೆ ಹೆಚ್ಚಿದ್ದು, ಅದನ್ನು ಹೇಗೆ ನಿಭಾಯಿಸಬೇಕೆಂದು ನಿರ್ಧರಿಸುವ ಅಧಿಕಾರ ಕೈಯಲ್ಲಿಲ್ಲದಿದ್ದಾಗ ಕುಗ್ಗಿಸುತ್ತದೆ. ಮೇಲಿನವರ ಮತ್ತು ಜೊತೆಗಾರರ ಬೆಂಬಲವಿಲ್ಲದಿದ್ದರೆ ಇದು ಇನ್ನೂ ಬಿಗಡಾಯಿಸುತ್ತದೆ ಎಂಬ ಮೂರನೆಯ ಅಂಶವನ್ನು ಜೆಫ್ರಿ ಜಾನ್ಸನ್ ಮತ್ತು ಎಲೆನ್ ಹಾಲ್ 1988ರಲ್ಲಿ ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಕೂಡ ನೌಕರರಿಗೆ ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವ ಮೇಲ್ವಿಚಾರಕರಿಗೂ ತರಬೇತಿ ಬೇಕೆಂದು ಶಿಫಾರಸು ಮಾಡುತ್ತವೆ.

ಈ ಕೈಪಿಡಿ ಅಂಥ ಮೇಲ್ವಿಚಾರಕರಲ್ಲಿ ಒಬ್ಬರಿಗಾಗಿ: ಜಿಲ್ಲಾಸ್ಪತ್ರೆಯಲ್ಲೋ ಖಾಸಗಿ ಆಸ್ಪತ್ರೆಯಲ್ಲೋ ಒಂದು ವಾರ್ಡಿನ ಹೊಣೆ ಹೊತ್ತಿರುವ ಇನ್‌ಚಾರ್ಜ್ ಸಿಸ್ಟರ್ ಅಥವಾ ಬ್ರದರ್. ಸಿಬ್ಬಂದಿಯ ಸಂಖ್ಯೆ ಹೆಚ್ಚಿಸುವುದು ನಿಮ್ಮ ಕೈಯಲ್ಲಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರೆಡೆ ಐವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಕಾಗದದ ಮೇಲಿದೆ. ರಾತ್ರಿ ಒಬ್ಬರೇ ಸಿಸ್ಟರ್ ಮೂವತ್ತು ಹಾಸಿಗೆ ನೋಡಿಕೊಳ್ಳುವ ವಾರ್ಡುಗಳು ನಮ್ಮಲ್ಲಿ ಅಪರೂಪವಲ್ಲ. ಹಾಗಿದ್ದೂ ಇನ್‌ಚಾರ್ಜ್ ಕೈಯಲ್ಲಿ ಉಳಿಯುವ ಅಧಿಕಾರ ಸಣ್ಣದೇನಲ್ಲ. ಪಟ್ಟಿ ಬರೆಯುವವರು ನೀವು, ತಪ್ಪಾದಾಗ ಮೊದಲ ಮಾತು ಆಡುವವರು ನೀವು, ರಜೆಯ ಅರ್ಜಿಗೆ ಮೊದಲ ಸಹಿ ನಿಮ್ಮದು.

ಡ್ಯೂಟಿ ಪಟ್ಟಿ

ನೆಮ್ಮದಿಯ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಇದನ್ನು ತುಸು ವಿವರವಾಗಿಯೇ ಹೇಳಬೇಕು.

ಮೊದಲ ಕೆಲಸ, ಪಟ್ಟಿಯನ್ನು ಕನಿಷ್ಠ ಎರಡು ವಾರ ಮುಂಚೆ ಗೋಡೆಗೆ ಅಂಟಿಸುವುದು. ವಾರದ ಪಟ್ಟಿಯನ್ನು ವಾರದ ಹಿಂದಿನ ದಿನ ಬರೆಯುವ ರೂಢಿ ಅನೇಕ ಕಡೆ ಇದೆ. ಯಾರು ಯಾವಾಗ ರಜೆ ಹಾಕುತ್ತಾರೋ ಗೊತ್ತಿಲ್ಲದಿರುವಾಗ ಮುಂಚೆ ಬರೆದು ಏನು ಪ್ರಯೋಜನ ಎಂಬುದು ಅದಕ್ಕೆ ಕೊಡುವ ಕಾರಣ. ವಾಸ್ತವದಲ್ಲಿ ಇದು ತಿರುವುಮುರುವು. ಪಟ್ಟಿ ಮುಂಚೆ ಗೊತ್ತಿಲ್ಲದ ಕಾರಣಕ್ಕೇ ಜನ ಕೊನೆಯ ಗಳಿಗೆಯಲ್ಲಿ ರಜೆ ಹಾಕುತ್ತಾರೆ, ಏಕೆಂದರೆ ಮಗುವಿನ ಲಸಿಕೆ, ಅತ್ತೆಯ ಕಣ್ಣಿನ ತಪಾಸಣೆ, ಬ್ಯಾಂಕಿನ ಕೆಲಸ ಯಾವುದನ್ನೂ ಆಫ್ ಇರುವ ದಿನಕ್ಕೆ ಹೊಂದಿಸಿಕೊಳ್ಳುವ ಅವಕಾಶವೇ ಅವರಿಗೆ ಇರುವುದಿಲ್ಲ. ಮೂರು ತಿಂಗಳು ಪಟ್ಟಿ ಮುಂಚಿತವಾಗಿ ಹಾಕಿ ನೋಡಿ, ಹಾಜರಿ ಪುಸ್ತಕವನ್ನು ಹಿಂದಿನ ಮೂರು ತಿಂಗಳಿನದರೊಂದಿಗೆ ಹೋಲಿಸಿ. ವಾದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಎರಡನೆಯದು, ಪಾಳಿ ತಿರುಗುವ ದಿಕ್ಕು. ಬೆಳಗಿನ ಡ್ಯೂಟಿಯಿಂದ ಮಧ್ಯಾಹ್ನದ ಡ್ಯೂಟಿಗೆ, ಅಲ್ಲಿಂದ ನೈಟ್‌ಗೆ ಸರಿಯುವುದನ್ನು ದೇಹ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ನಿದ್ದೆಯನ್ನು ಮುಂದಕ್ಕೆ ತಳ್ಳುವುದು ಹಿಂದಕ್ಕೆ ಎಳೆಯುವುದಕ್ಕಿಂತ ಹಗುರ. ನೈಟ್ ಮುಗಿಸಿದವರನ್ನು ಮಧ್ಯಾಹ್ನಕ್ಕೆ, ಅಲ್ಲಿಂದ ಬೆಳಿಗ್ಗೆಗೆ ಹಾಕುವ ಹಿಮ್ಮುಖ ಕ್ರಮವನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ, ಹಣವೂ ಖರ್ಚಾಗುವುದಿಲ್ಲ. ಇದಕ್ಕಿಂತ ಕಟ್ಟುನಿಟ್ಟಾಗಿ ನಿಲ್ಲಿಸಬೇಕಾದ ಇನ್ನೊಂದು ರೂಢಿಯಿದೆ: ಯಾರೋ ಬರಲಿಲ್ಲವೆಂದು ಬೆಳಿಗ್ಗೆ ಎಂಟಕ್ಕೆ ನೈಟ್ ಮುಗಿಸಿದವರನ್ನು ಅದೇ ದಿನ ಎರಡು ಗಂಟೆಗೆ ಮತ್ತೆ ಕರೆಯುವುದು. ಆರು ಗಂಟೆಯ ಆ ಅಂತರದಲ್ಲಿ ಬಸ್ ಪ್ರಯಾಣ, ಸ್ನಾನ, ಅಡುಗೆ ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಒಂದು ಕೆಲಸದ ದಿನದಿಂದ ಇನ್ನೊಂದಕ್ಕೆ 11 ಗಂಟೆಗಳ ಬಿಡುವು ಕಡ್ಡಾಯ. ನಮ್ಮ ವಾರ್ಡಿನ ಮಟ್ಟಿಗೆ ಆ ಅಂಕಿಯನ್ನು ಲಕ್ಷ್ಮಣರೇಖೆ ಎಂದು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಗೈರುಹಾಜರಿಯ ತುರ್ತಿಗೆ ಪ್ರತಿ ದಿನಕ್ಕೂ ಒಬ್ಬರ ಹೆಸರನ್ನು ಸರದಿಯಂತೆ ಮೀಸಲಾಗಿ ಮುಂಚೆಯೇ ಬರೆದಿಟ್ಟರೆ, ಫೋನ್ ಬರಬಹುದೆಂದು ಎಲ್ಲರೂ ಆತಂಕದಲ್ಲಿ ಕಾಯುವುದು ತಪ್ಪಿ, ಆ ಒಬ್ಬರು ಮಾತ್ರ ಸಿದ್ಧರಾಗಿರುತ್ತಾರೆ.

ಮೂರನೆಯದು, ನೈಟ್ ಆಫ್ ಅನ್ನು ರಜೆ ಎಂದು ಲೆಕ್ಕ ಹಿಡಿಯದಿರುವುದು. ಕೊನೆಯ ನೈಟ್ ಮುಗಿದ ಬೆಳಿಗ್ಗೆ ಆರಂಭವಾಗುವ ದಿನ ನಿದ್ದೆಗೇ ಹೋಗುತ್ತದೆ; ಅದನ್ನೇ ವಾರದ ರಜೆ ಎಂದು ಬರೆದುಬಿಟ್ಟರೆ ಆ ವಾರ ರಜೆ ಸಿಗಲಿಲ್ಲವೆಂದೇ ಅರ್ಥ.

ಇನ್ನು ಹಬ್ಬಗಳು. ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿ, ರಂಜಾನ್, ಕ್ರಿಸ್‌ಮಸ್, ಕೇರಳದಿಂದ ಬಂದವರಿದ್ದರೆ ಓಣಂ. ಎಲ್ಲರಿಗೂ ಕೊಡಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವರಿಗೆ ನೋವಾಗುವುದು ಸಿಗದಿದ್ದುದಕ್ಕಲ್ಲ, ಯಾಕೆ ಸಿಗಲಿಲ್ಲ ಎಂಬುದು ತಿಳಿಯದಿದ್ದುದಕ್ಕೆ. ಆದ್ದರಿಂದ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ವರ್ಷದ ಹಬ್ಬಗಳನ್ನು ಮೇಲೆ, ಹೆಸರುಗಳನ್ನು ಬದಿಗೆ ಬರೆದು, ಯಾರಿಗೆ ಯಾವ ಹಬ್ಬಕ್ಕೆ ರಜೆ ಸಿಕ್ಕಿತು ಎಂಬುದನ್ನು ತುಂಬುತ್ತಾ ಹೋಗಿ; ಹೋದ ದೀಪಾವಳಿಗೆ ಡ್ಯೂಟಿ ಮಾಡಿದವರಿಗೆ ಈ ದೀಪಾವಳಿಯಲ್ಲಿ ಆದ್ಯತೆ. ಆ ಪುಸ್ತಕ ನಿಮ್ಮ ಬೀರುವಿನಲ್ಲಿ ಇರಕೂಡದು, ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಇರಬೇಕು. ಇನ್‌ಚಾರ್ಜ್ ತಮಗೆ ಬೇಕಾದವರಿಗೆ ಮಾತ್ರ ಬಗ್ಗುತ್ತಾರೆ ಎಂಬ ಗುಸುಗುಸು ಯಾವ ವಾರ್ಡಿನಲ್ಲೂ ಇರುತ್ತದೆ. ಅದಕ್ಕೆ ಉತ್ತರ ಕೊಡಬೇಕಾದ್ದು ಮಾತಿನಿಂದಲ್ಲ, ಆ ಪುಸ್ತಕದಿಂದ.

ಇಬ್ಬರು ತಮ್ಮೊಳಗೆ ಡ್ಯೂಟಿ ಬದಲಾಯಿಸಿಕೊಳ್ಳಲು ಬಂದರೆ, ಇಬ್ಬರ ಸಹಿ ಇದ್ದು ಮೇಲಿನ ವಿಶ್ರಾಂತಿಯ ನಿಯಮ ಮುರಿಯದಿದ್ದರೆ, ಒಪ್ಪಿಬಿಡಿ. ಕಾರಣ ಕೇಳುವ ಅಗತ್ಯವಿಲ್ಲ. ಕರಾಸೆಕ್ ಹೇಳುವ ನಿರ್ಧಾರದ ಅಧಿಕಾರ ದೊಡ್ಡ ದೊಡ್ಡ ವಿಷಯಗಳಲ್ಲೇ ಇರಬೇಕೆಂದಿಲ್ಲ.

ಹೊರಗುತ್ತಿಗೆಯವರಿಗೆ ಮತ್ತು ಡಿ ಗ್ರೂಪ್ ಸಿಬ್ಬಂದಿಗೆ ಸಂಬಂಧಿಸಿ ಒಂದು ಮಾತು. ಅವರ ಸಂಬಳ ತಡವಾಗುವುದನ್ನು ನೀವು ತಪ್ಪಿಸಲಾರಿರಿ. ಆದರೆ ವಾರ್ಡಿನಿಂದ ಹಾಜರಾತಿ ತಡವಾಗಿ ಹೋದದ್ದರಿಂದ ಬಿಲ್ ತಡವಾಯಿತು ಎಂಬ ಮಾತು ಬರದಂತೆ ನೋಡಿಕೊಳ್ಳಬಲ್ಲಿರಿ. ತಿಂಗಳ ಕೊನೆಯ ದಿನವೇ ಹಾಜರಾತಿ ಕಳುಹಿಸುವ ಇನ್‌ಚಾರ್ಜ್, ಯಾವ ಪ್ರೋತ್ಸಾಹದ ಭಾಷಣಕ್ಕಿಂತಲೂ ಹೆಚ್ಚಿನ ಬೆಂಬಲ ಕೊಟ್ಟಂತೆ.

ಓವರ್ ಕೊಡುವ ಹೊತ್ತು

ಎಂಟಕ್ಕೆ ಮುಗಿಯಬೇಕಾದ ಡ್ಯೂಟಿ ದಿನವೂ ಒಂಬತ್ತಕ್ಕೆ ಮುಗಿಯುತ್ತಿದ್ದರೆ ಅದು ವೈಯಕ್ತಿಕ ನಿಧಾನವಲ್ಲ, ವ್ಯವಸ್ಥೆಯ ದೋಷ. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಓವರ್ ಕೊಡುವುದು, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳ ಸ್ಥಿತಿಗತಿ ತಿಳಿಸಿ ಒಪ್ಪಿಸುವುದು ಒಳ್ಳೆಯದೇ, ಆದರೆ ಆ ಹೊತ್ತಿನಲ್ಲೇ ಇಂಡೆಂಟ್ (ಸ್ಟೋರಿನಿಂದ ತರಿಸುವ ಸಾಮಾನಿನ ಬೇಡಿಕೆ) ವಿಚಾರಣೆ, ಡಿಸ್ಚಾರ್ಜ್ ಫೈಲಿನ ತಕರಾರು, ಹಿಂದಿನ ದಿನದ ಬೈಗುಳ ಎಲ್ಲವನ್ನೂ ತುರುಕಬಾರದು. ಓವರ್ ಪುಸ್ತಕದಲ್ಲಿ ಉಳಿದ ಕೆಲಸಗಳಿಗೆಂದೇ ಒಂದು ಅಂಕಣವಿರಲಿ. ಮುಗಿಯದ ಕೆಲಸವನ್ನು ಬರೆದು ಹೋಗುವುದು ಸೋಮಾರಿತನವಲ್ಲ ಎಂಬುದನ್ನು ನೀವು ಒಂದೆರಡು ಸಲ ಎಲ್ಲರೆದುರು ಹೇಳಬೇಕಾಗುತ್ತದೆ, ಏಕೆಂದರೆ ಕೆಲಸ ಬಿಟ್ಟುಹೋದರು ಎಂಬ ಆಪಾದನೆಗೆ ಹೆದರಿಯೇ ಎಷ್ಟೋ ಮಂದಿ ಗಂಟೆಗಟ್ಟಲೆ ಉಳಿಯುತ್ತಾರೆ. ಮನೆಗೆ ಹೋದವರನ್ನು ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂಬಾಲಿಸುವುದೂ ನಿಲ್ಲಬೇಕು: ರೋಗಿಗೆ ಸಂಬಂಧಿಸಿದ ತುರ್ತು ಪ್ರಶ್ನೆಯಿದ್ದರೆ ನೇರ ಫೋನ್, ಉಳಿದದ್ದೆಲ್ಲ ಅವರು ಮತ್ತೆ ಡ್ಯೂಟಿಗೆ ಬಂದಾಗ.

ತಪ್ಪಾದಾಗ ಆಡುವ ಮೊದಲ ಮಾತು

ಇನ್‌ಚಾರ್ಜ್ ಬೆಂಬಲಿಗರೋ ಅಲ್ಲವೋ ಎಂಬುದನ್ನು ಸಿಬ್ಬಂದಿ ತೀರ್ಮಾನಿಸುವುದು ಸಾಮಾನ್ಯ ದಿನಗಳಲ್ಲಲ್ಲ, ಔಷಧದಲ್ಲಿ ಹೆಚ್ಚುಕಡಿಮೆಯಾದ ದಿನ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಎರಡು ಸಾಂದ್ರತೆಯಲ್ಲಿ ಸಿಗುತ್ತವೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು ಮಿಲಿಲೀಟರಿಗೆ 100 ಯೂನಿಟ್. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಎರಡು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 10 ಅಲ್ಲ, 25 ಯೂನಿಟ್. ಬೆಳಗಿನ ಆರು ಗಂಟೆ, ಒಬ್ಬರೇ ಸಿಸ್ಟರ್, ಟ್ರೇಯಲ್ಲಿ ಎರಡೂ ಬಗೆಯ ಸಿರಿಂಜು, ಮಂದ ಬೆಳಕು. ಚುಚ್ಚಿದ ಮೇಲೆ ಟ್ರೇಯಲ್ಲಿ ಬಿದ್ದಿರುವ ಕೆಂಪು ಮುಚ್ಚಳವನ್ನು ನೋಡಿದ ಕ್ಷಣ ಅವರಿಗೆ ಎದೆ ಧಸಕ್ಕೆನ್ನುತ್ತದೆ. ಆಗ ಅವರ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಡ್ಯೂಟಿ ಡಾಕ್ಟರಿಗೂ ನಿಮಗೂ ತಕ್ಷಣ ಫೋನ್ ಮಾಡುವುದು. ಇನ್ನೊಂದು, ಯಾರಿಗೂ ಹೇಳದೆ ರೋಗಿಗೆ ಸಕ್ಕರೆ ಹಾಕಿದ ಚಹಾ ಕುಡಿಸಿ, ದೇವರ ಮೇಲೆ ಭಾರ ಹಾಕಿ, ಪದೇ ಪದೇ ಹೋಗಿ ನೋಡುತ್ತಾ ಕೂರುವುದು. ಅವರು ಯಾವ ದಾರಿ ಹಿಡಿಯುತ್ತಾರೆ ಎಂಬುದು ಅವರ ಸ್ವಭಾವದ ಮೇಲೆ ನಿಂತಿದೆ ಎಂದುಕೊಳ್ಳುತ್ತೇವೆ. ಬಹುಮಟ್ಟಿಗೆ ಅದು ನಿಂತಿರುವುದು ಹಿಂದೆ ಇನ್ನೊಬ್ಬರು ತಪ್ಪು ಹೇಳಿಕೊಂಡಾಗ ನೀವು ಏನೆಂದಿರಿ ಎಂಬುದರ ಮೇಲೆ.

ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು, "ರೋಗಿ ಈಗ ಹೇಗಿದ್ದಾರೆ ಸಿಸ್ಟರ್? ಜಿಆರ್‌ಬಿಎಸ್ (ರಕ್ತದ ಸಕ್ಕರೆ) ಎಷ್ಟಿದೆ? ಡಾಕ್ಟರಿಗೆ ಹೇಳಿದ್ರಾ?" ಆಮೇಲೆ, "ನೀವು ಹೇಗಿದ್ದೀರಿ? ಉಳಿದ ಇಂಜೆಕ್ಷನ್‌ಗಳನ್ನು ಕೊಡಲು ಪಕ್ಕದ ವಾರ್ಡಿನವರನ್ನು ಕಳಿಸಲಾ?" ಹೇಗಾಯಿತು ಎಂಬ ವಿಚಾರಣೆ ಆ ಹೊತ್ತಿನದಲ್ಲ, ಅದು ರೋಗಿ ಅಪಾಯದಿಂದ ಪಾರಾದ ಮೇಲಿನದು. ಆ ವಿಚಾರಣೆಯಲ್ಲೂ "ಯಾಕೆ ನೋಡಲಿಲ್ಲ?" ಎಂದು ಕೇಳುವುದಕ್ಕೂ "ಎರಡು ಬಗೆಯ ಸಿರಿಂಜು ಒಂದೇ ಟ್ರೇಗೆ ಹೇಗೆ ಬಂತು?" ಎಂದು ಕೇಳುವುದಕ್ಕೂ ಅಜಗಜಾಂತರ. ಮೊದಲ ಪ್ರಶ್ನೆಗೆ ಉತ್ತರವಾಗಿ ಸಿಗುವುದು ಕಣ್ಣೀರು. ಎರಡನೆಯದಕ್ಕೆ, ಸ್ಟೋರಿನಿಂದ ಈ ತಿಂಗಳು ಬೇರೆ ಬಗೆಯ ಸಿರಿಂಜು ಬಂದಿತ್ತು ಎಂಬ ಮಾಹಿತಿ. ಮುಂದಿನ ತಪ್ಪನ್ನು ತಡೆಯುವುದು ಆ ಮಾಹಿತಿ.

ಅಮೆರಿಕದ ಏಮಿ ಎಡ್ಮಂಡ್ಸನ್ ಎರಡು ಆಸ್ಪತ್ರೆಗಳ ಎಂಟು ಘಟಕಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದಾಗ ಕಂಡದ್ದು ಮೇಲ್ನೋಟಕ್ಕೆ ತಲೆಕೆಳಗಾದ ಫಲಿತಾಂಶ: ಒಳ್ಳೆಯ ಮುಂದಾಳು ಇದ್ದ ಘಟಕಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತು ಎಂದಲ್ಲ, ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ನಿಮ್ಮ ವಾರ್ಡಿನ ಪುಸ್ತಕದಲ್ಲಿ ವರ್ಷವಿಡೀ ಒಂದೂ ತಪ್ಪು ದಾಖಲಾಗಿಲ್ಲವಾದರೆ ಬೀಗಬೇಡಿ.

ಬೆಂಬಲ ಎಂದರೆ ಎಲ್ಲವನ್ನೂ ಮುಚ್ಚಿಹಾಕುವುದು ಎಂದು ತಿಳಿಯುವವರಿದ್ದಾರೆ. ಗೊತ್ತಿದ್ದೂ ಕೊಡದ ಔಷಧವನ್ನು ಕೊಟ್ಟೆನೆಂದು ಕೇಸ್ ಶೀಟಿನಲ್ಲಿ ಬರೆಯುವವರನ್ನು, ಹೇಳಿದ ಮೇಲೂ ರೋಗಿಯ ಕೈಗೆ ಕಟ್ಟಿದ ಗುರುತಿನ ಪಟ್ಟಿ ನೋಡದೆ ರಕ್ತ ಹಾಕುವವರನ್ನು ಮುಲಾಜಿಲ್ಲದೆ ಮೇಲಿನವರ ಗಮನಕ್ಕೆ ತರಬೇಕು. ಹಾಗೆ ತರದಿದ್ದರೆ ಪ್ರಾಮಾಣಿಕವಾಗಿ ದುಡಿಯುವವರ ಉತ್ಸಾಹ ಕುಗ್ಗುತ್ತದೆ. ಅಂಥ ಮಾತು ನಾಲ್ಕು ಗೋಡೆಗಳ ಮಧ್ಯೆ ಇರಲಿ. ರೌಂಡ್ಸ್ ಹೊತ್ತಿನಲ್ಲಿ, ರೋಗಿಯ ಕಡೆಯವರ ಎದುರಿಗೆ ಬೇಡ. ಡಾಕ್ಟರು ರೌಂಡ್ಸ್‌ನಲ್ಲಿ ನಿಮ್ಮ ಸಿಬ್ಬಂದಿಯನ್ನು ಎಲ್ಲರೆದುರು ಗದರಿದರೆ, "ಸರ್, ಅದನ್ನು ನಾನು ವಿಚಾರಿಸಿ ಹೇಳುತ್ತೇನೆ" ಎಂದು ನಡುವೆ ನಿಲ್ಲುವ ಇನ್‌ಚಾರ್ಜ್‌ಗಾಗಿ ಜನ ಪಕ್ಕದ ವಾರ್ಡಿಗೆ ವರ್ಗ ಕೊಟ್ಟರೂ ಹೋಗುವುದಿಲ್ಲ.

ಸಾವು, ಸಿಟ್ಟು, ಹಲ್ಲೆ

ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ನರ್ಸುಗಳನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿ ಗುರುತಿಸಿದ ಸಂಗತಿಯೊಂದು ನಮ್ಮ ವಾರ್ಡುಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ಕಾಯಿಲೆಯಿಂದಲೋ ಕರೆಯುವುದು, ಒಬ್ಬ ರೋಗಿಯ ಪೂರ್ಣ ಆರೈಕೆಯನ್ನು ಒಬ್ಬರಿಗೆ ವಹಿಸದೆ ಕೆಲಸಗಳನ್ನು ತುಂಡು ಮಾಡಿ ಹಂಚುವುದು, ಇವೆಲ್ಲ ನೋವಿನಿಂದ ದೂರ ನಿಲ್ಲಲು ಸಂಸ್ಥೆಯೇ ಕಟ್ಟಿಕೊಂಡ ಗೋಡೆಗಳು ಎಂದು ಆಕೆ ವಾದಿಸಿದರು. ಆ ಗೋಡೆ ಸ್ವಲ್ಪ ಹೊತ್ತು ಕಾಪಾಡುತ್ತದೆ, ಆದರೆ ಕೆಲಸದಲ್ಲಿ ಸಿಗುವ ತೃಪ್ತಿಯನ್ನೂ ಆಚೆಯೇ ಉಳಿಸುತ್ತದೆ.

ವಾರಗಟ್ಟಲೆ ನೋಡಿಕೊಂಡ ರೋಗಿ, ಅದರಲ್ಲೂ ಮಗು ತೀರಿಕೊಂಡ ದಿನ ಏನು ಮಾಡಬೇಕು? ದೇಹವನ್ನು ಹಸ್ತಾಂತರಿಸಿ, ಹಾಸಿಗೆ ಬದಲಿಸಿ, ಮುಂದಿನ ರೋಗಿಯನ್ನು ಮಲಗಿಸುವ ಮೊದಲು ಆ ಸಿಸ್ಟರಿಗೆ ಹದಿನೈದು ನಿಮಿಷ ವಾರ್ಡಿನಿಂದ ಹೊರಗೆ ಹೋಗಿಬರಲು ಬಿಡಿ. ಅವರ ರೋಗಿಗಳನ್ನು ಅಷ್ಟು ಹೊತ್ತು ನೀವೇ ನೋಡಿಕೊಳ್ಳಿ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಅನಿಸಿದ್ದನ್ನೆಲ್ಲ ಹೇಳಿ ಎಂದು ಒತ್ತಾಯಿಸುವ ಪದ್ಧತಿ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಆಘಾತದ ನಂತರ ಹಾಗೆ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಕೆದಕುವುದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಸಂಶೋಧನೆಗಳ ಪರಿಶೀಲನೆಗಳು ತೋರಿಸಿವೆ. ಆದ್ದರಿಂದ ಮಾತಾಡಬೇಕೆನಿಸಿದವರಿಗೆ ಕಿವಿಗೊಡಿ, ಬೇಡವೆನಿಸಿದವರನ್ನು ಅವರ ಪಾಡಿಗೆ ಬಿಡಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಒಬ್ಬರನ್ನೇ ವಿಚಾರಿಸಿ.

ರೋಗಿಯ ಕಡೆಯವರು ಕೈ ಮಾಡಿದರೆ ವಿಷಯ ಬೇರೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾಯ್ದೆ 2009ರಿಂದ ಜಾರಿಯಲ್ಲಿದ್ದು, ಅದರಡಿಯ ಅಪರಾಧ ಜಾಮೀನುರಹಿತ. ದೂರನ್ನು ಪೆಟ್ಟು ತಿಂದವರೊಬ್ಬರ ಹೆಗಲಿಗೆ ಬಿಡದೆ ಸಂಸ್ಥೆಯ ಹೆಸರಿನಲ್ಲಿ ಕೊಡಿಸುವುದು ಮುಖ್ಯ. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ಅಧೀನದ ಆಸ್ಪತ್ರೆಗಳಿಗೆ ಆರು ಗಂಟೆಯೊಳಗೆ ಸಂಸ್ಥೆಯೇ ಎಫ್‌ಐಆರ್ ದಾಖಲಿಸಬೇಕೆಂದು ಸೂಚಿಸಿದ್ದು ಇದೇ ಕಾರಣಕ್ಕೆ. ಲೈಂಗಿಕ ಕಿರುಕುಳದ ದೂರನ್ನು ಮಾತ್ರ ನೀವೇ ರಾಜಿ ಮಾಡಿಸಲು ಹೋಗಬೇಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು, ಅದಕ್ಕೆ ತಲುಪಿಸುವುದಷ್ಟೇ ನಿಮ್ಮ ಕೆಲಸ.

ನಿಭಾಯಿಸುವ ಅಭ್ಯಾಸಗಳು

ಇಷ್ಟು ಆದ ಮೇಲೆ ಸಿಬ್ಬಂದಿ ತಮ್ಮ ಮಟ್ಟದಲ್ಲಿ ಬೆಳೆಸಿಕೊಳ್ಳಬೇಕಾದ ಅಭ್ಯಾಸಗಳ ಮಾತಿಗೆ ಅರ್ಥ ಬರುತ್ತದೆ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಸಮಸ್ಯೆಯನ್ನೇ ಎದುರಿಸುವ ದಾರಿ ಒಂದು, ಸಮಸ್ಯೆ ಎಬ್ಬಿಸಿದ ಭಾವನೆಯನ್ನು ಸಂಭಾಳಿಸಿಕೊಳ್ಳುವ ದಾರಿ ಇನ್ನೊಂದು. ಬದಲಿಸಬಹುದಾದ ವಿಷಯಕ್ಕೆ ಮೊದಲನೆಯದು, ಬದಲಿಸಲಾಗದ ವಿಷಯಕ್ಕೆ ಎರಡನೆಯದು. ಪಟ್ಟಿಯ ಅನ್ಯಾಯವನ್ನು ಧ್ಯಾನದಿಂದ ಸಹಿಸಿಕೊಳ್ಳುವುದೂ ರೋಗಿಯ ಸಾವಿಗೆ ತನ್ನದೇ ಲೋಪ ಹುಡುಕುತ್ತಾ ನಿದ್ದೆಗೆಡುವುದೂ ಈ ಎರಡನ್ನು ಅದಲುಬದಲು ಮಾಡಿದ್ದರ ಫಲ. ಹೊಸಬರಿಗೆ ಒಂದು ಕಷ್ಟ ಎದುರಾದಾಗ, "ಇದರಲ್ಲಿ ನಾವು ಬದಲಾಯಿಸಬಹುದಾದ್ದು ಏನಿದೆ?" ಎಂದು ಜೊತೆಯಲ್ಲಿ ಕೂತು ಕೇಳುವುದನ್ನು ಇನ್‌ಚಾರ್ಜ್ ರೂಢಿಸಿಕೊಂಡರೆ, ನಾಲ್ಕಾರು ತಿಂಗಳಲ್ಲಿ ಅವರೇ ತಮ್ಮನ್ನು ಹಾಗೆ ಕೇಳಿಕೊಳ್ಳತೊಡಗುತ್ತಾರೆ.

ಪಾಳಿ ಕೆಲಸದಲ್ಲಿ ಎಲ್ಲಕ್ಕಿಂತ ಮೇಲೆ ನಿದ್ದೆ. ಬೆಳಗಿನ ಜಾವ ಮೂರರಿಂದ ಐದರವರೆಗೆ ದೇಹದ ಎಚ್ಚರ ತೀರಾ ಕೆಳಗಿಳಿದಿರುತ್ತದೆ. ಎಷ್ಟೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಲೆಕ್ಕ ತಪ್ಪುವ ಹೊತ್ತದು. ಇಬ್ಬರಿರುವ ವಾರ್ಡಿನಲ್ಲಿ ಒಬ್ಬರು ನೋಡಿಕೊಳ್ಳುವಾಗ ಇನ್ನೊಬ್ಬರು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದಕ್ಕೆ ನಿಮ್ಮ ಆಸ್ಪತ್ರೆಯ ನಿಯಮ ಅವಕಾಶ ಕೊಡುವಂತಿದ್ದರೆ ಅದನ್ನು ಬಹಿರಂಗವಾಗಿ ವಿರಾಮವೆಂದು ಬರೆಯಿರಿ. ಮೇಜಿನ ಮೇಲೆ ತಲೆಯಿಟ್ಟು ಕಳ್ಳರ ಹಾಗೆ ಮಲಗುವ ಸ್ಥಿತಿ ಯಾರಿಗೂ ಬೇಡ. ಅರ್ಧ ಗಂಟೆಗಿಂತ ಉದ್ದದ ನಿದ್ದೆಯಾದರೆ ಎದ್ದ ಮೇಲೆ ಮಂಪರು ಹೆಚ್ಚು, ಆದ್ದರಿಂದ ಅಲಾರಂ ಇರಲಿ, ಎದ್ದ ಕೂಡಲೇ ಇಂಜೆಕ್ಷನ್ ಲೆಕ್ಕಕ್ಕೆ ಕೈ ಹಾಕುವುದು ಬೇಡ. ಕಾಫಿಯ ಪ್ರಭಾವ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಎಂಟಕ್ಕೆ ಮನೆಗೆ ಹೋಗಿ ಮಲಗುವವರು ಮಧ್ಯರಾತ್ರಿ ದಾಟಿದ ಮೇಲೆ ಕುಡಿಯುವ ಪ್ರತಿ ಲೋಟವೂ ಹಗಲಿನ ನಿದ್ದೆಯಿಂದ ಕಳೆಯುತ್ತದೆ.

ಮನೆಗೆ ಹೋಗುವ ದಾರಿಯ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯವಿರುವವರಷ್ಟೇ ಇಳಿದಿರುತ್ತದೆ ಎಂದು ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ 0.03%. ಹಗಲು ಮಲಗದೆ ಮೊದಲ ನೈಟ್ ಮಾಡಿದವರು ಬೆಳಿಗ್ಗೆ ಸ್ಕೂಟರ್ ಹತ್ತುವಾಗ ಈ ಎರಡೂ ಅಂಕಿಗಳನ್ನು ಹಿಂದೆ ಹಾಕಿರುತ್ತಾರೆ. ಮೊದಲ ನೈಟ್‌ಗೆ ಬರುವ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಬರುವುದು, ನೈಟ್ ವಾರದಲ್ಲಿ ಬಸ್ಸು ಅಥವಾ ಮನೆಯವರ ಜೊತೆ ಹೋಗುವುದು, ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕುವುದು, ಬಾಗಿಲು ಬಡಿಯಬೇಡಿ ಎಂದು ಮನೆಯವರಿಗೆ ನಿಷ್ಠುರವಾಗಿ ಹೇಳುವುದು: ಇವು ಚಿಕ್ಕ ವಿಷಯಗಳಂತೆ ಕಂಡರೂ ಕೊನೆಯದು ನಮ್ಮ ಮನೆಗಳಲ್ಲಿ ಅತ್ಯಂತ ಕಷ್ಟದ್ದು. ಸೊಸೆ ಹಗಲೆಲ್ಲ ಮಲಗಿರುತ್ತಾಳೆ ಎಂಬ ಮಾತನ್ನು ಕೇಳಿಸಿಕೊಂಡು ಮಲಗಬೇಕಾದವರಿಗೆ ನಿದ್ದೆಯ ಪಾಠ ಹೇಳುವವರು ಇದನ್ನು ಮರೆಯಬಾರದು.

ಕೆಲಸದ ಹೊರಗಿನ ಸಮಯ ಹೇಗೆ ಕಳೆದರೆ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂಬುದನ್ನು ಜಬೀನೆ ಜೊನೆಂಟಾಗ್ ಮತ್ತು ಶಾರ್ಲೊಟ್ ಫ್ರಿಟ್ಸ್ 2007ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದರು: ಮನಸ್ಸನ್ನು ಕೆಲಸದಿಂದ ಬಿಡಿಸಿಕೊಳ್ಳುವುದು, ವಿಶ್ರಮಿಸುವುದು, ಹೊಸದೇನನ್ನಾದರೂ ಕಲಿತು ಪಳಗುವುದು, ತನ್ನ ಸಮಯದ ಮೇಲೆ ತನ್ನ ಹಿಡಿತವಿರುವುದು. ಫೋನ್ ಹಿಡಿದು ಮಲಗುವುದು ಇವುಗಳಲ್ಲಿ ಎರಡನೆಯದಕ್ಕಷ್ಟೇ, ಅದೂ ಅರೆಬರೆಯಾಗಿ ಸಲ್ಲುತ್ತದೆ. ಮೊದಲನೆಯದಕ್ಕೆ ಒಂದು ಸರಳ ಉಪಾಯವೆಂದರೆ, ಸಮವಸ್ತ್ರ ಬದಲಿಸುವ ಮೊದಲು ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯವನ್ನು ಒಂದು ಸಾಲಿನಲ್ಲಿ ಓವರ್ ಪುಸ್ತಕಕ್ಕೋ ಸ್ವಂತ ಡೈರಿಗೋ ಬರೆದುಬಿಡುವುದು; ಕಾಗದ ನೆನಪಿಟ್ಟುಕೊಂಡರೆ ತಲೆ ನೆನಪಿಟ್ಟುಕೊಳ್ಳಬೇಕಿಲ್ಲ.

ಹಾನಿಕರ ಅಭ್ಯಾಸಗಳಲ್ಲಿ ಎರಡರ ಮೇಲೆ ನಿಗಾ ಇರಲಿ. ಒಂದು, ನಿದ್ದೆಗೆ ಅಥವಾ ನೋವಿಗೆ ವಾರ್ಡಿನ ಸ್ಟಾಕಿನಿಂದಲೇ ಮಾತ್ರೆ ತೆಗೆದುಕೊಳ್ಳುವುದು. ಔಷಧದ ನಡುವೆಯೇ ಬದುಕುವವರಿಗೆ ಇದು ಅತಿ ಸುಲಭದ ಜಾರು. ಇನ್ನೊಂದು, ಊಟ ಬಿಟ್ಟು ದುಡಿಯುವುದನ್ನು ನಿಷ್ಠೆಯೆಂದು ಹೊಗಳುವುದು. ಹಾಗೆ ಹೊಗಳುವವರು ಹೆಚ್ಚಾಗಿ ನಾವೇ.

ಕೈ ಮೀರುವ ಮುನ್ನ

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆದು ಮೂರು ಗುರುತುಗಳನ್ನು ಕೊಡುತ್ತದೆ: ತೀರದ ದಣಿವು, ಕೆಲಸದ ಬಗ್ಗೆ ತಾತ್ಸಾರ ಅಥವಾ ದೂರ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ವಾರ್ಡಿನಲ್ಲಿ ಇವು ಕಾಣುವುದು ಬೇರೆ ವೇಷದಲ್ಲಿ. ಮೃದುವಾಗಿದ್ದವರು ರೋಗಿಯ ಮೇಲೆ ರೇಗತೊಡಗುತ್ತಾರೆ, ಅಚ್ಚುಕಟ್ಟಾಗಿ ಬರೆಯುತ್ತಿದ್ದವರ ಚಾರ್ಟಿನಲ್ಲಿ ಖಾಲಿ ಜಾಗಗಳು ಕಾಣುತ್ತವೆ, ಎಲ್ಲರೊಂದಿಗೆ ಡಬ್ಬಿ ಬಿಚ್ಚುತ್ತಿದ್ದವರು ಒಬ್ಬರೇ ಊಟ ಮಾಡುತ್ತಾರೆ.

ಆಗ ಮಾಡಬೇಕಾದ್ದು ರೋಗನಿರ್ಣಯವಲ್ಲ. ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಿ: "ಎರಡು ವಾರದಿಂದ ನೀವು ಊಟಕ್ಕೆ ಬರ್ತಿಲ್ಲ, ಏನಾದರೂ ತೊಂದರೆಯಾ? ಹೇಳಲೇಬೇಕು ಅಂತಿಲ್ಲ, ಡ್ಯೂಟಿಯಲ್ಲಿ ಏನಾದರೂ ಬದಲಾಯಿಸಬೇಕಾದರೆ ನೋಡೋಣ." ಅವರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ, ಒಂದು ಸಲ ಹಾಗಾದರೆ ಆ ವಾರ್ಡಿನಲ್ಲಿ ಮತ್ತೆ ಯಾರೂ ನಿಮ್ಮಲ್ಲಿ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಲಭ್ಯ. ಆ ಸಂಖ್ಯೆಯನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲೇ ಅಂಟಿಸಿ. ಬದುಕು ಸಾಕೆನಿಸಿದೆ ಎಂಬರ್ಥದ ಮಾತು ಬಂದರೆ ಮಾತ್ರ ಗುಟ್ಟಿನ ನಿಯಮ ಅಲ್ಲಿಗೆ ಮುಗಿಯಿತು. ಅವರನ್ನು ಒಬ್ಬರನ್ನೇ ಬಿಡಬೇಡಿ, ಅವರಿಗೆ ತಿಳಿಸಿಯೇ ಮನೋವೈದ್ಯರನ್ನೂ ಮನೆಯವರನ್ನೂ ಕರೆಸಿ.

ಇನ್‌ಚಾರ್ಜ್‌ಗೆ ಯಾರು ಇನ್‌ಚಾರ್ಜ್ ಎಂಬ ಪ್ರಶ್ನೆ ಉಳಿಯುತ್ತದೆ. ಮೇಲಿನಿಂದ ಬೈಗುಳ, ಕೆಳಗಿನಿಂದ ಅಳಲು, ಎರಡರ ನಡುವೆ ನಿಂತವರಿಗೆ ಮೇಲೆ ಹೇಳಿದ ಎಲ್ಲವೂ ಅನ್ವಯಿಸುತ್ತದೆ. ನೆರೆಯ ಎರಡು ವಾರ್ಡಿನ ಇನ್‌ಚಾರ್ಜ್‌ಗಳೊಂದಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಕೂರುವ ಏರ್ಪಾಡು ಮಾಡಿಕೊಳ್ಳಿ. ಹಾಸಿಗೆಗಳ ಮತ್ತು ಸಿಬ್ಬಂದಿಯ ಸಂಖ್ಯೆಯನ್ನು ಪ್ರತಿ ಪಾಳಿಗೆ ಬರೆದಿಟ್ಟು ತಿಂಗಳಿಗೊಮ್ಮೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಅದರಿಂದ ನಾಳೆಯೇ ಹೊಸ ಹುದ್ದೆ ಬರುವುದಿಲ್ಲ, ಆದರೆ ಕೊರತೆಯಿಂದ ಆದ ಅನಾಹುತಕ್ಕೆ ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬ ಸಿಸ್ಟರನ್ನೇ ಹೊಣೆ ಮಾಡಲು ಹೊರಟಾಗ ಅವರ ಪರವಾಗಿ ನಿಲ್ಲುವ ದಾಖಲೆ ಅದೊಂದೇ.

ಇದೆಲ್ಲ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಪ್ರಶ್ನಾವಳಿ ಹಂಚಬೇಕಿಲ್ಲ. ಇನ್‌ಚಾರ್ಜ್ ಕೈಗೇ ಮರಳುವ ಪ್ರಶ್ನಾವಳಿಯಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಮೂರು ತಿಂಗಳಿಗೊಮ್ಮೆ ನಾಲ್ಕು ಸಂಗತಿಗಳನ್ನು ನೋಡಿ: ಹಿಂದಿನ ದಿನ ಅಥವಾ ಅದೇ ದಿನ ಹೇಳಿ ಹಾಕಿದ ರಜೆಗಳು, ಬೇರೆ ವಾರ್ಡಿಗೆ ವರ್ಗ ಕೇಳಿ ಬಂದ ಅರ್ಜಿಗಳು, ಓವರ್ ಮುಗಿದು ಜನ ನಿಜಕ್ಕೂ ಹೊರಟ ಹೊತ್ತು, ಮತ್ತು ತಪ್ಪು ಆಗುವುದರೊಳಗೆ ಹಿಡಿದೆವೆಂದು ಸಿಬ್ಬಂದಿ ತಾವಾಗಿ ಬರೆದ ಪ್ರಸಂಗಗಳು. ಮೊದಲ ಮೂರು ಇಳಿಯಬೇಕು. ನಾಲ್ಕನೆಯದು ಮೊದಲ ವರ್ಷ ಏರಬೇಕು. ಅದು ಏರಿದಾಗ ಮೇಲಿನ ಸಭೆಯಲ್ಲಿ ನಿಮ್ಮ ವಾರ್ಡಿನಲ್ಲೇ ಯಾಕೆ ಇಷ್ಟು ಎಂದು ಕೇಳುತ್ತಾರೆ, ಉತ್ತರವನ್ನು ಮುಂಚೆಯೇ ಸಿದ್ಧಮಾಡಿಕೊಂಡು ಹೋಗಿ.